ಮಧ್ಯಾಹ್ನದ ಬಿಸಿಲಿನಲ್ಲಿ ಬ್ಯಾಂಕೋನ ಕೊಲೆ

ಷೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದ ಮೂರನೇ ಅಂಕದಲ್ಲಿ ಮ್ಯಾಕ್‌ಬೆತ್ ತನ್ನ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುವ ಪುಟ್ಟ ದೃಶ್ಯವಿದೆ. ಹಂತಕರು ಹೊಂಚು ಹಾಕಿ ನಿಂತಿದ್ದಾರೆ. 'ಯಾರಲ್ಲಿ, ಬೆಳಕು ತನ್ನಿ' ಎಂದು ಬ್ಯಾಂಕೋ ಒಳಗಿನಿಂದ ಕೂಗುತ್ತಾನೆ. 'ಬೆಳಕು, ಬೆಳಕು!' ಎಂದು ಒಬ್ಬ ಹಂತಕ ಉಳಿದವರನ್ನು ಎಚ್ಚರಿಸುತ್ತಾನೆ. ಮಗ ಫ್ಲಿಯಾನ್ಸ್ ಪಂಜು ಹಿಡಿದು ಬರುತ್ತಾನೆ, ಜೊತೆಗೆ ಅಪ್ಪ. ಇರಿತ, ಕೂಗು, ಮಗ ಪರಾರಿ. ಆಮೇಲೆ ಹಂತಕರಲ್ಲೇ ಜಟಾಪಟಿ: 'ದೀಪ ಆರಿಸಿದ್ದು ಯಾರು?' 'ಆರಿಸಬೇಕಿತ್ತಲ್ಲವೇ?'

ನಾಟಕಗಳಿಗೆ ಬೆಳಕು ಮಾಡುವುದು ನನ್ನ ಕಸುಬು. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಸಿಕ್ಕಿಲ್ಲ. ಸೈಮನ್ ಫೋರ್‌ಮನ್ ಎಂಬ ಜ್ಯೋತಿಷಿ 1611ರ ಏಪ್ರಿಲ್‌ನಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಈ ನಾಟಕ ನೋಡಿ ಟಿಪ್ಪಣಿ ಬರೆದಿಟ್ಟಿದ್ದಾನೆ. ಆತ ನೋಡಿದ್ದು ಹಗಲಿನ ಆಟ. 1599ರಲ್ಲಿ ಕಟ್ಟಿದ ಗ್ಲೋಬ್‌ನ ಅಂಗಳಕ್ಕೆ ಸೂರಿರಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಆಟ ಶುರು. ಬಿಸಿಲಿನಲ್ಲಿ ಉರಿಯುವ ಪಂಜು ಏನನ್ನೂ ಬೆಳಗುವುದಿಲ್ಲ. ಅದು ಬಂದರೆ ರಾತ್ರಿಯಾಯಿತೆಂದು ಜನ ತಿಳಿಯುತ್ತಿದ್ದರು, ಆರಿದರೆ ಕಗ್ಗತ್ತಲೆಂದು. ಹಂತಕರು ಕಣ್ಣು ಕಾಣದೆ ತಡಕಾಡುತ್ತಿದ್ದಾರೆ, ಸುತ್ತ ನೆರೆದ ಜನಕ್ಕೆ ಮಾತ್ರ ಎಲ್ಲವೂ ಕಾಣುತ್ತಿದೆ, ಹುಡುಗ ಯಾವ ಕಡೆ ಓಡಿದ ಎಂಬುದೂ. ಉಸಿರು ಬಿಗಿಹಿಡಿಯುವಂತೆ ಮಾಡುವುದು ಇದೇ.

ನಮ್ಮಲ್ಲಿ ಈ ನಾಟಕ ಮಾಡಿಸುವ ನಿರ್ದೇಶಕರು ಸಾಮಾನ್ಯವಾಗಿ ಕೇಳುವುದು 'ನೈಟ್ ಸೀನು, ಬ್ಲೂ ಹಾಕಿ' ಎಂದು. ದೀಪದ ಮುಂದೆ ನೀಲಿ ಜೆಲ್ (ಬಣ್ಣದ ಹಾಳೆ) ಹಾಕಿ, ಹೊಗೆ ಬಿಟ್ಟರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಮುಖಗಳು ಮಾಯವಾಗುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಮಾತಿನದು. ಎರಡನೇ ಅಂಕದಲ್ಲಿ ಫ್ಲಿಯಾನ್ಸ್ 'ಚಂದ್ರ ಮುಳುಗಿದ್ದಾನೆ' ಎನ್ನುವ ಮೊದಲೇ ನಾನು ಚಂದ್ರನನ್ನು ಮುಳುಗಿಸಿಬಿಟ್ಟರೆ ಆ ಮಾತಿಗೆ ಕೆಲಸವೇ ಉಳಿಯುವುದಿಲ್ಲ.

ಸ್ವಗತಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹ್ಯಾಮ್ಲೆಟ್ ಎರಡನೇ ಅಂಕದ ಕೊನೆಯಲ್ಲಿ ಒಬ್ಬನೇ ನಿಂತು ಕೇಳುತ್ತಾನೆ: 'ನಾನು ಹೇಡಿಯೇ? ಯಾರು ನನ್ನನ್ನು ನೀಚ ಎನ್ನುವವರು? ಯಾರು ನನ್ನ ಗಡ್ಡ ಕಿತ್ತು ಮುಖಕ್ಕೆ ಊದುವವರು?' ಕತ್ತಲ ಸಭಾಂಗಣದಲ್ಲಿ, ಒಂದೇ ಸ್ಪಾಟ್‌ನಡಿ, ಇದು ನೊಂದವನೊಬ್ಬನ ಗೊಣಗಾಟವಾಗುತ್ತದೆ. ಹಗಲಿನಲ್ಲಿ ಎದುರಿಗೆ ಒಂದು ಪೆನ್ನಿ ಕೊಟ್ಟು ನಿಂತವರ ಮುಖ ನೋಡಿ ಕೇಳಿದರೆ ಅದು ಪ್ರಶ್ನೆಯೇ. ಯಾರಾದರೂ 'ಹೌದು, ಹೇಡಿಯೇ' ಎಂದುಬಿಡಬಹುದು. ಬಯಲಾಟ ನೋಡಿ ಬೆಳೆದವರಿಗೆ ಈ ಸಲುಗೆ ಹೊಸತಲ್ಲ. 1979ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ 'ಮ್ಯಾಕ್‌ಬೆತ್' ಅನ್ನು 'ಬರ್ನಂ ವನ'ವಾಗಿ ಮಾಡಿಸುವಾಗ ಯಕ್ಷಗಾನದ ಕಡೆ ತಿರುಗಿದ್ದು ನನಗೆ ತುಂಬ ಸಹಜವಾಗಿ ಕಾಣುತ್ತದೆ.

ಹಾಗೆಂದು ಆ ಕಾಲದವರಿಗೆ ಕತ್ತಲೆಯ ರುಚಿ ಗೊತ್ತಿರಲಿಲ್ಲವೆಂದಲ್ಲ. 1609ರ ಹೊತ್ತಿಗೆ ಷೇಕ್ಸ್‌ಪಿಯರ್‌ನ ತಂಡಕ್ಕೆ ಬ್ಲ್ಯಾಕ್‌ಫ್ರಯರ್ಸ್ ಎಂಬ ಸೂರಿನಡಿಯ, ಮೇಣದಬತ್ತಿಯ ರಂಗಮಂದಿರವೂ ಒದಗಿತು. ಬತ್ತಿ ಸವರಲು ಬಿಡುವು ಬೇಕಿತ್ತು, ಹಾಗಾಗಿ ಅಂಕಗಳ ನಡುವೆ ಸಂಗೀತ. ಜಾನ್ ವೆಬ್‌ಸ್ಟರ್‌ನ 'ದಿ ಡಚೆಸ್ ಆಫ್ ಮಾಲ್ಫಿ' ಆಡಿದ್ದು ಬ್ಲ್ಯಾಕ್‌ಫ್ರಯರ್ಸ್, ಗ್ಲೋಬ್ ಎರಡೂ ಕಡೆ ಎಂದು 1623ರ ಮುದ್ರಣದ ಮುಖಪುಟವೇ ಹೇಳುತ್ತದೆ. ಅದರ ನಾಲ್ಕನೇ ಅಂಕದಲ್ಲಿ ಫರ್ಡಿನಾಂಡ್ ಸೆರೆಯಲ್ಲಿರುವ ತಂಗಿಯನ್ನು ನೋಡಲು ಬರುತ್ತಾನೆ. ಅವಳ ಮುಖ ನೋಡುವುದಿಲ್ಲವೆಂದು ಆಣೆ ಇಟ್ಟಿದ್ದಾನೆ, ದೀಪಗಳನ್ನೆಲ್ಲ ತೆಗೆಸುತ್ತಾನೆ. ಕತ್ತಲಲ್ಲಿ ಒಂದು ಕೈ ಚಾಚುತ್ತಾನೆ. ಅಣ್ಣನ ಕೈ ಎಂದುಕೊಂಡು ಮುತ್ತಿಟ್ಟ ಅವಳು 'ತುಂಬ ತಣ್ಣಗಿದೆ, ಪ್ರಯಾಣದಿಂದ ಮೈ ಸರಿಯಿಲ್ಲವೇನೋ' ಎನ್ನುತ್ತಾಳೆ. ದೀಪ ಬಂದಾಗ ನೋಡಿದರೆ ಅದು ಹೆಣದ ಕೈ.

ಗ್ಲೋಬ್‌ನ ಬೆಳಕಿನಲ್ಲಿ ಪ್ರೇಕ್ಷಕರು ಆ ಕೈಯನ್ನು ಅವಳಿಗಿಂತ ಮೊದಲೇ ನೋಡಿ, ಅವಳು ಮುಟ್ಟದಿರಲಿ ಎಂದು ಒಳಗೊಳಗೇ ಒದ್ದಾಡುತ್ತಾರೆ. ಬತ್ತಿ ಆರಿಸಿದ ಕೋಣೆಯಲ್ಲಿ ಅವಳ ಜೊತೆಗೇ ಬೆಚ್ಚುತ್ತಾರೆ. ಸಂಭಾಷಣೆ ಒಂದೇ, ಆಟ ಎರಡು. ಈ ದೃಶ್ಯ ಮಾಡುವವರು ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿಯಬೇಕು. ಮಬ್ಬು ಬೆಳಕಿನಲ್ಲಿ ಕೈ ಕಂಡೂ ಕಾಣದಂತಾದರೆ ಎರಡೂ ಕೆಡುತ್ತವೆ.

1642ರಲ್ಲಿ ಮುಚ್ಚಿಸಿದ ರಂಗಮಂದಿರಗಳು 1660ರಲ್ಲಿ ಮತ್ತೆ ತೆರೆದವು. ಆಗಲೂ ತೂಗುದೀಪಗಳು ನಟರನ್ನೂ ಜನರನ್ನೂ ಒಟ್ಟಿಗೇ ಬೆಳಗುತ್ತಿದ್ದವು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನಟ ಡೇವಿಡ್ ಗ್ಯಾರಿಕ್ 1765ರಲ್ಲಿ ರಂಗದ ಮೇಲಿನ ತೂಗುದೀಪ ತೆಗೆಸಿ ಬೆಳಕನ್ನು ಪಕ್ಕದ ಮರೆಗೆ ಸರಿಸಿದ. 1817ರಲ್ಲಿ ಗ್ಯಾಸ್ ಬಂತು. ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸುವುದನ್ನು ಒಂದು ಪದ್ಧತಿಯಾಗಿ ಪಾಲಿಸಿದವನು ಲೈಸಿಯಂ ರಂಗಮಂದಿರದ ನಟ ಹೆನ್ರಿ ಅರ್ವಿಂಗ್. ಗ್ಯಾಸ್ ಬೆಳಕಿನ ಮೇಲೆ ಆತನಿಗೆ ಎಷ್ಟು ಮೋಹವೆಂದರೆ, ವಿದ್ಯುತ್ ಫುಟ್‌ಲೈಟಿನಲ್ಲಿ (ರಂಗದ ಮುಂದಿನ ಅಂಚಿನ ಸಾಲುದೀಪ) ಮುಖಗಳು ಕೆಟ್ಟದಾಗಿ ಕಾಣುತ್ತವೆಂದು ನಟಿ ಎಲೆನ್ ಟೆರಿ ಹೇಳಿದಾಗ ಗ್ಯಾಸನ್ನೇ ವಾಪಸು ತರಿಸಿದ. ಅಪ್ರತಿಮ ಕಲಾವಿದ, ಅನುಮಾನವಿಲ್ಲ. ಆದರೆ ನಟನ ಕಣ್ಣಿಗೆ ಪ್ರೇಕ್ಷಕ ಕಾಣದಂತಾದದ್ದೂ ಆ ಪದ್ಧತಿಯಿಂದಲೇ.

ನಟರನ್ನೂ ಜನರನ್ನೂ ಒಟ್ಟಿಗೇ ಬೆಳಗುವ ಆ ಬೆಳಕನ್ನು ಮರಳಿ ತರಲು ಹಲವು ನಿರ್ದೇಶಕರು ಹೆಣಗಿದರು. ಗ್ರಾನ್‌ವಿಲ್ ಬಾರ್ಕರ್ 1912ರಲ್ಲಿ ಸವಾಯ್ ರಂಗಮಂದಿರದಲ್ಲಿ ಫುಟ್‌ಲೈಟ್ ಕಿತ್ತು, ರಂಗವನ್ನು ಮುಂದಕ್ಕೆ ಚಾಚಿ, ಎದುರಿನಿಂದ ಬಿಳಿ ಬೆಳಕು ಬಿಟ್ಟ. ಪೀಟರ್ ಬ್ರೂಕ್ 1970ರಲ್ಲಿ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್‌'ನ ಇರುಳ ಕಾಡನ್ನು ಬಿಳಿ ಗೋಡೆಗಳ ನಡುವೆ, ಝಗಝಗಿಸುವ ಬೆಳಕಿನಲ್ಲಿ ಆಡಿಸಿದ. 1997ರಲ್ಲಿ ಥೇಮ್ಸ್ ದಂಡೆಯಲ್ಲಿ ಹೊಸ ಗ್ಲೋಬ್ ತೆರೆಯಿತು. ಅಲ್ಲಿ ಸಂಜೆಯ ಆಟದಲ್ಲೂ ನಟರಿಗೂ ಜನಕ್ಕೂ ಸಮನಾದ ಬೆಳಕು. ಪಕ್ಕದಲ್ಲೇ 2014ರಲ್ಲಿ ಮೇಣದಬತ್ತಿಯ ಸ್ಯಾಮ್ ವಾನಮೇಕರ್ ಪ್ಲೇಹೌಸ್ ಶುರುವಾದದ್ದು ಅದೇ ಮಾಲ್ಫಿ ನಾಟಕದಿಂದ.

2016ರಲ್ಲಿ ಕಲಾ ನಿರ್ದೇಶಕಿ ಎಮ್ಮಾ ರೈಸ್ ಗ್ಲೋಬ್‌ಗೆ ಆಧುನಿಕ ದೀಪ, ಧ್ವನಿವರ್ಧಕ ತಂದಾಗ ಆಡಳಿತ ಮಂಡಳಿ ಒಪ್ಪಲಿಲ್ಲ, ಅವರು 2018ರಲ್ಲಿ ಹೊರನಡೆದರು. ದೀಪದಿಂದಲೇ ಬದುಕುವ ನಾನು ರೈಸ್ ಪರ ನಿಲ್ಲಬೇಕು ಎಂದು ಸ್ನೇಹಿತರು ಹೇಳುತ್ತಾರೆ. ನಾನು ನಿಲ್ಲಲಾರೆ. ಬಣ್ಣದ ದೀಪ ಹಾಕಲು ಲಂಡನ್ನಿನಲ್ಲಿ ಬೇಕಾದಷ್ಟು ರಂಗಮಂದಿರಗಳಿವೆ. ಹಗಲಿನಲ್ಲಿ ಬ್ಯಾಂಕೋ ಸಾಯುವ ಜಾಗ ಬಹಳ ಇಲ್ಲ. ಆದರೆ ಆಕೆಯನ್ನು ಅಷ್ಟು ಬೇಗ ಕಳಿಸಿದ್ದು ನನಗೆ ಸರಿಕಾಣಲಿಲ್ಲ.

ನಮ್ಮ ಸಭಾಂಗಣಗಳಲ್ಲಿ ಷೇಕ್ಸ್‌ಪಿಯರ್ ಮಾಡುವಾಗ ನಾನು ಹೌಸ್ ಲೈಟನ್ನು, ಅಂದರೆ ಪ್ರೇಕ್ಷಕರ ಮೇಲಿನ ದೀಪಗಳನ್ನು, ಸೊನ್ನೆಗೆ ಇಳಿಸುವುದಿಲ್ಲ. ಡಿಮ್ಮರ್ ನೂರಕ್ಕೆ ಹದಿನೈದು-ಇಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ, ಮುಂದಿನ ನಾಲ್ಕೈದು ಸಾಲಿನ ಮುಖಗಳು ನಟನಿಗೆ ಕಾಣುವಷ್ಟು. ರಂಗಶಂಕರದಂಥ, ವೇದಿಕೆ ಜನರ ನಡುವೆ ಚಾಚಿಕೊಂಡ ಕಡೆ ಇದು ಸುಲಭ. ಚೌಕಟ್ಟಿನ ರಂಗದಲ್ಲಿ ಒಂದೆರಡು ಫ್ಲಡ್ ದೀಪಗಳನ್ನು ಸೂರಿಗೆ ತಿರುಗಿಸಿ, ಅಲ್ಲಿಂದ ಹರಡುವ ಬೆಳಕನ್ನು ನೆಚ್ಚಿಕೊಳ್ಳುತ್ತೇನೆ. ಕತ್ತಲಿಗೆ ಮಾತಾಡಿ ರೂಢಿಯಾದ ಹೊಸ ನಟರು ಮೊದಲ ದಿನ ಕಂಗಾಲಾಗುತ್ತಾರೆ. ಆಗ ಒಂದೊಂದು ಪ್ರಶ್ನೆಗೆ ಒಂದೊಂದು ಮುಖ ಆರಿಸಿಕೊಳ್ಳಿ ಎನ್ನುತ್ತೇನೆ. ಎರಡನೇ ಪ್ರದರ್ಶನದ ಹೊತ್ತಿಗೆ ಅವರೇ ಇನ್ನಷ್ಟು ಬೆಳಕು ಕೇಳುತ್ತಾರೆ. ಆಸ್ಕರ್ ವೈಲ್ಡ್ ನಾಟಕಕ್ಕೆ ಕರೆದರೆ ಮಾತ್ರ ಈ ಹಟ ಬಿಡುತ್ತೇನೆ. 1895ರ ಆ ದಿವಾನಖಾನೆಯಲ್ಲಿ ಚಹಾ ಕುಡಿಯುವವರಿಗೆ ನಾವು ಕಾಣಬೇಕಿಲ್ಲ, ಅಲ್ಲಿ ಹೌಸ್ ಲೈಟ್ ಪೂರ್ತಿ ಆರಲಿ.