ನಾಲ್ಕು ಗಂಟೆ ತೊಗರಿ ಹಸನು

ಚಿತ್ರಕಲೆ ಓದುವ ಹುಡುಗನೊಬ್ಬ ನೂಲಿನ ಹಗ್ಗ, ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದ. ‘ಪರ್ಫಾರ್ಮೆನ್ಸ್ ಮಾಡ್ತೀನ್ರಿ ಸರ್, ರೈತನ ಸಾವು ತೋರಿಸ್ತೀನಿ.’ ಅವನ ಸಂಕಟ ನಿಜವಾದದ್ದೇ. ಆದರೆ ಅದು ನಾಟಕವಾಗುತ್ತಿತ್ತು. ನಾಟಕ ಕೀಳೆಂದಲ್ಲ. ದೊಡ್ಡಾಟದಲ್ಲಿ ದುರ್ಯೋಧನ ಸತ್ತರೂ ಪಾತ್ರಧಾರಿ ಬದುಕಿರುತ್ತಾನೆ, ನೋಡುವವರಿಗೂ ಅದು ಗೊತ್ತು. ಪರ್ಫಾರ್ಮೆನ್ಸ್ ಅನ್ನುವ ಈ ಕಲೆಯಲ್ಲಿ, ಕಲಾವಿದ ತನ್ನ ಮೈಯಿಂದಲೇ ಜನರೆದುರು ಮಾಡುವ ಕೃತಿಯಲ್ಲಿ, ಪಾತ್ರವೇ ಇಲ್ಲ. ಮಾಡುವ ಕೆಲಸವೂ ಹಿಡಿಯುವ ಹೊತ್ತೂ ಆಗುವ ದಣಿವೂ ಮಾಡುವವನವೇ.

‘ಮನ್ಯಾಗ ಅವ್ವ ದಿನಾ ಏನ್ ಮಾಡ್ತಾಳ?’ ಅಂದೆ.

‘ತೊಗರಿ ಹಸನು ಮಾಡ್ತಾಳ್ರಿ.’

‘ಅದನ್ನೇ ಮಾಡು. ನಾಲ್ಕು ತಾಸು. ಮಾತಿಲ್ಲ.’

ಮೊದಲು ನಿಯಮ ಹಾಕಿಕೊಳ್ಳಬೇಕು, ಆಮೇಲೆ ಅದನ್ನು ನಡೆಸಬೇಕು. ಇದಕ್ಕೆ ನಾನು ಕೊಡುವ ಉದಾಹರಣೆ ತೈವಾನ್ ಮೂಲದ ಪರ್ಫಾರ್ಮೆನ್ಸ್ ಕಲಾವಿದ ತೆಹ್‌ಚಿಂಗ್ ಶೇ ಅವರದು. 1980ರ ಏಪ್ರಿಲ್ 11ರಿಂದ ಒಂದು ವರ್ಷ, ನ್ಯೂಯಾರ್ಕಿನ ತಮ್ಮ ಕೋಣೆಯಲ್ಲಿ, ಹಗಲು ರಾತ್ರಿ ಗಂಟೆಗೊಮ್ಮೆ ಕಾರ್ಖಾನೆಯ ಹಾಜರಿ ಯಂತ್ರಕ್ಕೆ ಕಾರ್ಡು ಹಾಕಿದರು. ತಲೆ ಬೋಳಿಸಿಕೊಂಡು ಶುರು ಮಾಡಿದ್ದರಿಂದ, ಪ್ರತಿ ಸಲ ತಮ್ಮದೇ ಚಿತ್ರ ತೆಗೆದ ಒಂದೊಂದು ಫಿಲ್ಮ್ ಫ್ರೇಮಿನಲ್ಲಿ ಕೂದಲು ಬೆಳೆಯುತ್ತಾ ಹೋಗುವುದು ಕಾಣುತ್ತದೆ. 8,760 ಸಲದಲ್ಲಿ 133 ಸಲ ತಪ್ಪಿತು, ಅದರಲ್ಲಿ 94 ಸಲ ನಿದ್ದೆಯಿಂದ. ಆ ಲೆಕ್ಕವನ್ನೂ ಅವರು ಮುಚ್ಚಿಡದೆ ಬರೆದಿಟ್ಟರು. ನನಗೆ ಆ ಕೃತಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಈ 94.

ಹುಡುಗ ಶಹಾಬಾದಿ ಕಲ್ಲಿನ ಅಂಗಳದಲ್ಲಿ ಮರ, ಅಂದರೆ ಕಾಳು ಕೇರುವ ಮೊರ, ಹಿಡಿದು ಕೂತ. ಮೊದಲ ತಾಸು ನಗು, ಮೊಬೈಲ್ ಫೋಟೊ. ಎರಡನೇ ತಾಸಿಗೆ ನೆರಳು ಸರಿದು ಬಿಸಿಲು ಅವನ ಮೇಲೆ ಬಂತು. ಅಂಗಳ ಗುಡಿಸುವ ಹಿರಿಯ ಹೆಣ್ಣುಮಗಳು ಕಸಬರಿಗೆ ಇಟ್ಟು ಎದುರಿಗೆ ಬಂದು ಕೂತಳು. ‘ತಮ್ಮಾ, ಮರ ಹಂಗ ಹಿಡೀತಾರೇನೋ? ಹಿಂಗ.’ ಕಾಳು ಒಂದು ಕಡೆ, ಹಳ್ಳು ಒಂದು ಕಡೆ ಆದವು. ‘ನನ್ನ ಮಗ ಒಂದಿನಾನೂ ಮರ ಮುಟ್ಟಿಲ್ಲ’ ಅಂದಳು. ಫೋಟೊ ತೆಗೆಯುತ್ತಿದ್ದ ಹುಡುಗರು ಕೈ ಇಳಿಸಿದರು. ಯೋಜನೆಯಲ್ಲಿ ಇದು ಯಾವುದೂ ಇರಲಿಲ್ಲ.

ನೋಡುವವರು ಬಂದ ಕೂಡಲೇ ‘ಇದರ ಅರ್ಥ ಏನ್ರಿ’ ಅನ್ನುತ್ತಾರೆ. ಸ್ವಲ್ಪ ಹೊತ್ತು ನಿಲ್ಲಿ. ಇವನು ಯಾವ ನಿಯಮ ಹಾಕಿಕೊಂಡಿದ್ದಾನೆ, ಮೈ ಎಲ್ಲಿ ಸೋಲುತ್ತಿದೆ, ಸುತ್ತಲಿನ ಜನ ಯಾವಾಗ ಬದಲಾದರು ಎಂಬುದನ್ನು ನೋಡಿ.

ಸಂಜೆ ಅವನ ವಹಿಯಲ್ಲಿ ‘ಮೂರನೇ ತಾಸು, ಎಡಗಾಲು ಜೋಮು, ಹತ್ತು ನಿಮಿಷ ಎದ್ದು ನಿಂತೆ’ ಎಂದಿತ್ತು. ಅದನ್ನು ಹೊಡೆದು ಹಾಕಲು ಹೊರಟಿದ್ದ, ನಾನು ತಡೆದೆ. ಆ ಹಾಳೆ ಈಗ ಫೋಟೊಗಳ ಜೊತೆ ಗೋಡೆಯ ಮೇಲಿದೆ.

‘ಮುಂದಿನ ಸಲ ಅವ್ವನ್ನ ಕರ್ಕೊಂಡು ಬರ್ಲೇನ್ರಿ?’ ಅಂತ ಕೇಳಿದ್ದಾನೆ. ಅವ್ವ ನೋಡಲು ಬರುವುದೋ, ತಾನೂ ಮರ ಹಿಡಿದು ಕೂರುವುದೋ? ಇನ್ನೂ ತೀರ್ಮಾನವಾಗಿಲ್ಲ. ಅವ್ವನನ್ನೇ ಕೇಳಿ ಬಾ ಎಂದು ಕಳಿಸಿದ್ದೇನೆ.