ಜನರಿಕ್ ಅಂದರೆ ಡೂಪ್ಲಿಕೇಟ್ ಅಲ್ಲ

ಕಳೆದ ವಾರ ಮೆಡಿಕಲ್ ಶಾಪ್‌ನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಖಾಲಿಯಾದ ಬಿಪಿ ಮಾತ್ರೆಯ ಸ್ಟ್ರಿಪ್. ಮಗ ಜನೌಷಧಿ ಕೇಂದ್ರದಿಂದ ತಂದುಕೊಟ್ಟದ್ದಂತೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, "ಇದು ಜನರಿಕ್ ಅಜ್ಜಿ, ಒರಿಜಿನಲ್ ಅಲ್ಲ. ಒರಿಜಿನಲ್ ಕೊಡ್ತೀನಿ ಇರಿ" ಅಂದರು. ಅಜ್ಜಿಯ ಮುಖ ಸಪ್ಪಗಾಯಿತು. "ಅಯ್ಯೋ, ಇಷ್ಟು ದಿನ ಡೂಪ್ಲಿಕೇಟ್ ನುಂಗಿದ್ನಾ?"

ಎರಡೂ ಸ್ಟ್ರಿಪ್ ಇಸಕೊಂಡು ನೋಡಿದೆ. ಎರಡರ ಮೇಲೂ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಅಂತಲೇ ಇತ್ತು. ಈ ಮದ್ದನ್ನು ಮೊದಲು ತಂದದ್ದು ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ, ಮೈಕಾರ್ಡಿಸ್ ಎಂಬ ಹೆಸರಿನಲ್ಲಿ. ಅಂಗಡಿಯವರು ಕೊಟ್ಟ 'ಒರಿಜಿನಲ್' ಅದಾಗಿರಲಿಲ್ಲ. ಅದೂ ಜನರಿಕ್ಕೇ, ಅಂದರೆ ಮೊದಲು ತಂದ ಕಂಪನಿಯಲ್ಲದೆ ಬೇರೊಂದು ಕಂಪನಿ ತಯಾರಿಸಿದ್ದ ಅದೇ ಮದ್ದು. ಮೇಲೊಂದು ಚೆಂದದ ಹೆಸರಿತ್ತು, ಬೆಲೆ ಜಾಸ್ತಿ ಇತ್ತು.

ಈ ಪದವನ್ನು ಹೀಗೆ ಕೆಡಿಸುವುದನ್ನು ಕೇಳಿ ಕೇಳಿ ಸಾಕಾಗಿದೆ. ಜನರಿಕ್ ಅಂದರೆ ಅಗ್ಗದ್ದು, ಜನರಿಕ್ ಅಂದರೆ ಸರ್ಕಾರದ್ದು, ಜನರಿಕ್ ಅಂದರೆ ಎರಡನೇ ದರ್ಜೆಯದ್ದು. ಮೂರೂ ತಪ್ಪು.

ಪದದ ಬೇರು ಲ್ಯಾಟಿನ್ನಿನ 'ಗೆನುಸ್'. ಕುಲ, ಬಗೆ ಅಂತ ಅರ್ಥ. ನಮಗೆ ಇದು ಹೊರಗಿನ ಪದವೇ ಅಲ್ಲ ಅನ್ನಬಹುದು. ಸಂಸ್ಕೃತದ 'ಜನ್', ಅಂದರೆ ಹುಟ್ಟು ಅನ್ನುವ ಧಾತು ಮತ್ತು ಈ ಗೆನುಸ್ ಒಂದೇ ಮೂಲದಿಂದ ಬಂದವು. ಜನ, ಜನನ, ಜಾತಿ, ಜಂತು ಎಲ್ಲ ಆ ಮನೆಯವೇ. ಅತ್ತ ಕಡೆ ಜೀನ್, ಜನರಲ್, ಜೆಂಡರ್ ಕೂಡ. ಹಾಗಾಗಿ ನಮ್ಮವರು ಜನರಿಕ್ ಅನ್ನುವುದನ್ನು 'ಜನರದ್ದು' ಎಂದು ಕೇಳಿಸಿಕೊಂಡರೆ ಕಿವಿ ಪೂರ್ತಿ ಮೋಸ ಹೋಗಿಲ್ಲ, ನೆಂಟಸ್ತನ ನಿಜವಾಗಿಯೂ ಇದೆ. ಆದರೆ ಅರ್ಥ ಬೇರೆ. ಜನರಿಕ್ ಹೆಸರು ಅಂದರೆ ಒಂದು ಬಗೆಗೆ ಸೇರಿದ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲದ ಹೆಸರು. ಅಕ್ಕಿಯನ್ನೇ ನೋಡಿ. ಸೋನಾ ಮಸೂರಿ ಅನ್ನುವುದು ಅಕ್ಕಿಯ ಹೆಸರು. ಚೀಲದ ಮೇಲೆ ದೊಡ್ಡದಾಗಿ ಇರುವುದು ಗಿರಣಿಯವರು ಇಟ್ಟ ಹೆಸರು. ಸೋನಾ ಮಸೂರಿಯಲ್ಲಿ ಒಳ್ಳೆಯದೂ ಇರುತ್ತದೆ, ಕಲ್ಲು ಸಿಗುವಂಥದ್ದೂ ಇರುತ್ತದೆ. ಅದನ್ನು 'ಸೋನಾ ಮಸೂರಿ' ಅನ್ನುವ ಪದ ಹೇಳುವುದಿಲ್ಲ, ಅಲ್ವಾ?

ಮದ್ದುಗಳಿಗೆ ಈ ಹೆಸರಿಡುವ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆ ನೋಡಿಕೊಳ್ಳುತ್ತದೆ. ಮೊದಲ ಪಟ್ಟಿ ಬಂದದ್ದು 1953ರಲ್ಲಿ. ಹೆಸರಿನ ಬಾಲ ನೋಡಿದರೆ ಸಾಕು, ಮದ್ದಿನ ಕುಲ ತಿಳಿಯುತ್ತದೆ. 'ಸಾರ್ಟಾನ್' ಅಂತ ಮುಗಿದರೆ ಬಿಪಿ ಮದ್ದಿನ ಒಂದು ಗುಂಪು: ಟೆಲ್ಮಿಸಾರ್ಟಾನ್, ಲೋಸಾರ್ಟಾನ್. 'ಪ್ರಜೋಲ್' ಅಂತ ಮುಗಿದರೆ ಹೊಟ್ಟೆಯ ಆಸಿಡ್ ತಗ್ಗಿಸುವುದು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್. ಕನ್ನಡದಲ್ಲಿ ಜನರಿಕ್ ಮದ್ದನ್ನು 'ಸಾಮಾನ್ಯ ಔಷಧ' ಎಂದು ಅನುವಾದ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸಾಮಾನ್ಯ ಅಂದ ಕೂಡಲೇ ಮನಸ್ಸು ಕಡಿಮೆ ದರ್ಜೆ ಅಂತ ಓದಿಕೊಳ್ಳುತ್ತದೆ. 'ಮದ್ದಿನ ಹೆಸರು', 'ಕಂಪನಿ ಹೆಸರು' ಅಂತ ಎರಡು ಮಾತು ಇಟ್ಟುಕೊಂಡರೆ ಗೊಂದಲವೇ ಇರುವುದಿಲ್ಲ. ಪ್ಯಾರಾಸಿಟಮಾಲ್ ಮದ್ದಿನ ಹೆಸರು. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಕಂಪನಿ ಹೆಸರು, ಅಂದರೆ ಕಂಪನಿಯವರು ಇಟ್ಟ ಹೆಸರು. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮಾಡುವ ಡೋಲೋ ಕೂಡ ಜನರಿಕ್ಕೇ. ಇಂಥವಕ್ಕೆ ಬ್ರ್ಯಾಂಡೆಡ್ ಜನರಿಕ್ ಅನ್ನುತ್ತಾರೆ. ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಬಹುಪಾಲು ಮಾತ್ರೆ ಇದೇ ಜಾತಿಯವು.

ಜನೌಷಧಿ ಅನ್ನುವುದು 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯ ಹೆಸರು. ಅಲ್ಲಿ ಮಾರುವುದು ಜನರಿಕ್ ಹೌದು. ಜನರಿಕ್ ಎಲ್ಲ ಜನೌಷಧಿ ಅಲ್ಲ. 2025ರ ಮೇನಲ್ಲಿ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೊರಟಾಗ ಪರವಾಗಿಯೂ ವಿರುದ್ಧವಾಗಿಯೂ ವಾದ ಮಾಡಿದ ಎಷ್ಟೋ ಜನ ಈ ಎರಡನ್ನೂ ಒಂದೇ ಮಾಡಿ ಮಾತಾಡಿದರು.

ಅಗ್ಗದ ವಿಚಾರವೂ ಹಾಗೆಯೇ. ಜನೌಷಧಿಯಲ್ಲಿ ಅಗ್ಗ, ನಿಜ. ಆದರೆ ಕೆಲವು ಕಂಪನಿಗಳು ಡಾಕ್ಟರ ಹತ್ತಿರ ಪ್ರಚಾರ ಮಾಡದೆ ಜನರಿಕ್ಕನ್ನು ನೇರ ಅಂಗಡಿಗೆ ಕಡಿಮೆ ಬೆಲೆಗೆ ಕೊಡುತ್ತವೆ, ಸ್ಟ್ರಿಪ್ ಮೇಲೆ ಮಾತ್ರ ಎಂಆರ್‌ಪಿ ದೊಡ್ಡದಾಗಿ ಅಚ್ಚಾಗಿರುತ್ತದೆ. ನಡುವಿನ ದುಡ್ಡು ಅಂಗಡಿಯಲ್ಲೇ ಉಳಿಯಬಹುದು.

ಈಗ ಜನ ಜಾಸ್ತಿ ಹೆದರುವ ಮಾತಿಗೆ ಬರುತ್ತೇನೆ. "ಜನರಿಕ್‌ನಲ್ಲಿ ಮದ್ದು ಶೇ 80ರಷ್ಟೇ ಇದ್ದರೂ ಪಾಸಂತೆ." ಓದಿದವರೂ ಇದನ್ನೇ ಹೇಳುತ್ತಾರೆ. ಆ 80 ಬಂದದ್ದು ಬಯೋಈಕ್ವಿವಲೆನ್ಸ್ ಪರೀಕ್ಷೆಯಿಂದ. ಸ್ವಯಂಸೇವಕರಿಗೆ ಮೂಲ ಮಾತ್ರೆ ಒಮ್ಮೆ, ಜನರಿಕ್ ಒಮ್ಮೆ ಕೊಟ್ಟು, ರಕ್ತದಲ್ಲಿ ಎಷ್ಟು ಮದ್ದು ಸೇರಿತು ಅಂತ ಅಳೆಯುತ್ತಾರೆ. ಎರಡರ ಅನುಪಾತ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜಿನ ಇಡೀ ವ್ಯಾಪ್ತಿ ಶೇ 80ರಿಂದ 125ರ ಒಳಗೆ ಕೂರಬೇಕು. ಮಾತ್ರೆಯೊಳಗಿನ ಮದ್ದಿನ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಇಡೀ ವ್ಯಾಪ್ತಿ ಒಳಗೆ ಕೂರಬೇಕಾದರೆ ಸರಾಸರಿ ಶೇ 100ರ ಹತ್ತಿರವೇ ಇರಬೇಕಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಿಂದ 2007ರವರೆಗಿನ 2,070 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಸರಾಸರಿ ವ್ಯತ್ಯಾಸ ಶೇ 4ರ ಆಸುಪಾಸು.

ಹಾಗಂತ ಗುಣಮಟ್ಟದ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಕರಗದ, ಮದ್ದು ಕಡಿಮೆ ಇರುವ ಮಾತ್ರೆಗಳು ನಮ್ಮಲ್ಲಿ ಸಿಕ್ಕಿಬೀಳುತ್ತಲೇ ಇವೆ. ಸುಲಭವಾಗಿ ಕರಗದ ಮದ್ದುಗಳಿಗೆ ಲೈಸೆನ್ಸ್ ಕೊಡುವ ಮೊದಲು ಈ ರಕ್ತದ ಪರೀಕ್ಷೆ ಆಗಲೇಬೇಕು ಅಂತ ನಿಯಮ ಬಂದದ್ದೇ 2017ರಲ್ಲಿ. ಅದಕ್ಕೂ ಮೊದಲು ಎಷ್ಟೋ ಮದ್ದು ಆ ಪರೀಕ್ಷೆ ಇಲ್ಲದೆಯೇ ಅಂಗಡಿಗೆ ಬಂದಿವೆ. ಆದರೆ ಈ ಲೋಪ ಚೆಂದದ ಹೆಸರಿರುವ ಜನರಿಕ್ಕಿಗೂ ಅಷ್ಟೇ ಅನ್ವಯಿಸುತ್ತದೆ. ಲೈಸೆನ್ಸಿನ ದಾರಿ ಎರಡಕ್ಕೂ ಒಂದೇ. ಗುಣಮಟ್ಟ ಇಲ್ಲದ ಮದ್ದುಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳೂ ಹೊರಡಿಸುತ್ತದೆ. ಅದರಲ್ಲಿ ಬ್ರ್ಯಾಂಡ್ ಹೆಸರುಗಳೂ ಇರುತ್ತವೆ. ಫಿಟ್ಸ್, ಥೈರಾಯ್ಡ್, ರಕ್ತ ತೆಳುವಾಗಿಸುವ ವಾರ್ಫರಿನ್, ಇಂಥ ಮಾತ್ರೆಗಳನ್ನು ಮಾತ್ರ ಡಾಕ್ಟರಿಗೆ ಹೇಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಬೇಡಿ.

2018ರಿಂದ ಒಂದೇ ಮದ್ದಿರುವ ಮಾತ್ರೆಗಳ ಸ್ಟ್ರಿಪ್ ಮೇಲೆ ಮದ್ದಿನ ಹೆಸರು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅನ್ನುವ ನಿಯಮವಿದೆ. ಅಜ್ಜಿಗೆ ಅದನ್ನೇ ತೋರಿಸಿದೆ. ಕನ್ನಡಕ ಏರಿಸಿ ಎರಡೂ ಸ್ಟ್ರಿಪ್ ಪಕ್ಕಪಕ್ಕ ಹಿಡಿದು, "ಅಕ್ಷರ ಗೊತ್ತಾಗಲ್ಲಪ್ಪ, ಆದ್ರೆ ಎರಡೂ ಒಂದೇ ಥರ ಕಾಣ್ತವೆ" ಅಂದರು. ಆದರೂ ಅವತ್ತು ಹಳೆಯ ಮಾತ್ರೆ ಸಿಗಲಿಲ್ಲ. ಡಾಕ್ಟರ ಚೀಟಿಯಲ್ಲಿ ಇದ್ದದ್ದು ಕಂಪನಿ ಹೆಸರು. ಚೀಟಿಯಲ್ಲಿ ಬರೆದ ಶೆಡ್ಯೂಲ್ ಎಚ್ ಮದ್ದಿನ (ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಮದ್ದಿನ) ಬದಲು, ಒಳಗೆ ಅದೇ ಮದ್ದಿದ್ದರೂ, ಬೇರೆಯದನ್ನು ಅಂಗಡಿಯವರು ಕೊಡುವಂತಿಲ್ಲ ಅನ್ನುತ್ತದೆ ನಿಯಮ. ಜನರಿಕ್ ಹೆಸರನ್ನೇ ಓದುವಂತೆ ಬರೆಯಿರಿ ಎಂದು ಡಾಕ್ಟರುಗಳಿಗೆ ಆಗಿನ ಮೆಡಿಕಲ್ ಕೌನ್ಸಿಲ್ 2016ರಲ್ಲೇ ಹೇಳಿತ್ತು. ಅದರ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು, ವಿರೋಧ ಬಂದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ಅಜ್ಜಿ ಹೊಸ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋದರು.