ಸೊಳ್ಳೆ ಬೆಟ್ಟ ಹತ್ತಿದ ಮೇಲೆ

ಮಂಡ್ಯದ ನಮ್ಮ ಮನೆ ಹಿಂದೆ ಒಂದು ನೀಲಿ ಡ್ರಮ್ ಇದೆ. ನಲ್ಲಿ ನೀರು ಬರದ ದಿನಕ್ಕೆ ಅಂತ ತುಂಬಿಡುತ್ತೇವೆ. ಒಂದು ವಾರ ಮುಚ್ಚಳ ಹಾಕದೆ ಬಿಟ್ಟರೆ ಎಲೆ ಬಿದ್ದು ಕೊಳೆಯುತ್ತದೆ. ಬಗ್ಗಿ ನೋಡಿದರೆ ಕೂದಲೆಳೆಯಂಥ ಮರಿಹುಳುಗಳು ತಲೆಕೆಳಗಾಗಿ ತೇಲುತ್ತಿರುತ್ತವೆ. ಡ್ರಮ್ ತಟ್ಟಿದರೆ ಅಷ್ಟೂ ಒಟ್ಟಿಗೆ ತಳಕ್ಕಿಳಿಯುತ್ತವೆ.

ಇವು ಕ್ಯುಲೆಕ್ಸ್ ಸೊಳ್ಳೆಯ ಮರಿಗಳು. ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು, ಆನೆಕಾಲು ರೋಗ ಹರಡುವುದು ಇದೇ ಸೊಳ್ಳೆ. ಹವಾಯಿ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಮಾವಿ ದ್ವೀಪದ ಲಹೈನಾ ಬಂದರಿಗೆ ಬಂದ ಹಡಗಿನವರು ಪೀಪಾಯಿಗಳ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿಕೊಂಡರು. ಚೆಲ್ಲಿದ ನೀರಲ್ಲಿ ಮರಿಹುಳುಗಳಿದ್ದವು. ಸ್ವಲ್ಪ ದಿನಕ್ಕೆ ಊರಿನವರು ಪಾದ್ರಿ ಹತ್ತಿರ ಹೋಗಿ, ಕಿವಿಯಲ್ಲಿ ಹಾಡುವ ಹುಳ ಬಂದಿದೆ, ಮೈಯೆಲ್ಲ ತುರಿಸುತ್ತದೆ ಎಂದು ದೂರಿದರಂತೆ.

ಸೊಳ್ಳೆ ಒಂದೇ ಆಗಿದ್ದರೆ ತುರಿಕೆಗೆ ಮುಗಿಯುತ್ತಿತ್ತು. ಆದರೆ ಹೊರಗಿಂದ ತಂದು ಬಿಟ್ಟ ಹಕ್ಕಿಗಳ ಜೊತೆ, ಇದೇ ಸೊಳ್ಳೆ ಹರಡುವ ಹಕ್ಕಿ ಮಲೇರಿಯಾ ಬಂತು. 1898ರಲ್ಲಿ ಕೋಲ್ಕತ್ತಾದಲ್ಲಿ ರೊನಾಲ್ಡ್ ರಾಸ್ ಎಂಬ ಬ್ರಿಟಿಷ್ ವೈದ್ಯ ಗುಬ್ಬಚ್ಚಿಗಳಲ್ಲಿ ಪರೀಕ್ಷೆ ಮಾಡಿ, ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ತೋರಿಸಿಕೊಟ್ಟದ್ದು ಇದೇ ರೋಗಾಣುವಿನಿಂದ. ನಮ್ಮ ಕಡೆ ಹಕ್ಕಿಗಳಿಗೂ ಈ ರೋಗಕ್ಕೂ ತಲೆತಲಾಂತರದ ಒಡನಾಟ. ಹಾಗಾಗಿ ಬಹಳಷ್ಟು ಹಕ್ಕಿಗಳು ತಡೆದುಕೊಳ್ಳುತ್ತವೆ. ದ್ವೀಪದ ಹಕ್ಕಿಗಳಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಕೆಂಪು ಮೈ, ಬಾಗಿದ ಕೊಕ್ಕಿನ ಇಯಿವಿ ಅಂತ ಒಂದು ಹಕ್ಕಿ ಇದೆ. ರೋಗ ಹೊತ್ತ ಸೊಳ್ಳೆ ಒಂದು ಸಲ ಕಚ್ಚಿದರೆ ನೂರರಲ್ಲಿ ಸುಮಾರು 90 ಇಯಿವಿ ಸಾಯುತ್ತವೆ. ರಕ್ತದ ಕೆಂಪು ಕಣಗಳು ಒಡೆದು, ಮೇವು ಬಿಟ್ಟು, ಹಾರಲಾರದೆ ನೆಲಕ್ಕೆ ಬೀಳುತ್ತವೆ.

1968ರಲ್ಲಿ ರಿಚರ್ಡ್ ವಾರ್ನರ್ ಎಂಬ ವಿಜ್ಞಾನಿ ಹವಾಯಿಯ ಹಕ್ಕಿಗಳು ಹೀಗೆ ರೋಗಕ್ಕೆ ಬಲಿಯಾಗುವುದನ್ನು ಬರೆದಿಟ್ಟರು. ತಗ್ಗಿನ ಕಾಡಲ್ಲಿ ಮರಗಳು ಚೆನ್ನಾಗಿದ್ದರೂ ಸ್ಥಳೀಯ ಹಕ್ಕಿಗಳು ಕಾಣುತ್ತಿರಲಿಲ್ಲ. ಉಳಿದವು ಎತ್ತರದಲ್ಲಿದ್ದವು. ಕಾರಣ ಚಳಿ. ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಬೆಳೆಯಲು ಬೆಚ್ಚಗಿರಬೇಕು. 13 ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಲ್ಲುತ್ತದೆ. ಸುಮಾರು 1,500 ಮೀಟರ್ ಮೇಲೆ ಹಕ್ಕಿಗಳಿಗೆ ಆ ಚಳಿಯೇ ಬೇಲಿ.

ಈಗ ಹವಾಮಾನ ಬಿಸಿಯಾಗಿ ಆ ಬೇಲಿ ಮೇಲೆ ಮೇಲೆ ಸರಿಯುತ್ತಿದೆ. ನನಗೆ ತುಂಬಾ ಸಂಕಟವಾಗುವುದು ಇಲ್ಲೇ. ಮೈಸೂರಿನ ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಅಲ್ವಾ? ಹವಾಯಿಯ ಕವಾಯ್ ದ್ವೀಪದ ಅತಿ ಎತ್ತರದ ಶಿಖರ ಅದಕ್ಕಿಂತ 600 ಮೀಟರ್ ಜಾಸ್ತಿ, ಅಷ್ಟೇ. ಹಕ್ಕಿಗಳಿರುವ ಕಾಡಂತೂ ಇನ್ನೂ ಕೆಳಗಿದೆ. ಅಲ್ಲಿಂದ ಮೇಲೆ ಹೋಗೋಣ ಅಂದರೆ ಬೆಟ್ಟವೇ ಇಲ್ಲ. ಕಾಡುಹಂದಿಗಳು ಮರಜರೀಗಿಡದ ಕಾಂಡ ಅಗೆದು ತಿಂದ ಗುಳಿಗಳಲ್ಲಿ ಮಳೆನೀರು ನಿಂತು, ಸೊಳ್ಳೆ ಕಾಡಿನ ನಡುವೆಯೇ ಮರಿ ಮಾಡುತ್ತದೆ. ಅಕಿಕಿಕಿ ಎಂಬ ಪುಟ್ಟ ಬೂದು ಹಕ್ಕಿ ಇರುವುದು ಕವಾಯ್‌ನಲ್ಲಿ ಮಾತ್ರ. 2023ರ ಹೊತ್ತಿಗೆ ಕಾಡಲ್ಲಿ ಐದಾರು ಉಳಿದಿದ್ದವು.

ಹವಾಯಿಯಲ್ಲಿ 50ಕ್ಕೂ ಹೆಚ್ಚು ಬಗೆಯಿದ್ದ ಇಯಿವಿ, ಅಕಿಕಿಕಿಗಳ ಕುಲದಲ್ಲಿ ಈಗ ಸುಮಾರು 17 ಮಾತ್ರ ಇವೆ. ಅಮಾಕಿಹಿ ಎಂಬ ಹಕ್ಕಿ ಕೆಲವು ಕಡೆ ತಗ್ಗಿನಲ್ಲೂ ರೋಗ ತಡೆದುಕೊಂಡು ಬದುಕಲು ಕಲಿತಿದೆ. ಉಳಿದ ಬಹಳಷ್ಟಕ್ಕೆ ಅಷ್ಟು ಸಮಯವಿಲ್ಲ.

ಅದಕ್ಕೇ 2023ರಿಂದ ಮಾವಿಯಲ್ಲಿ ಹೆಲಿಕಾಪ್ಟರ್‌ನಿಂದ ಲಕ್ಷಗಟ್ಟಲೆ ಗಂಡು ಸೊಳ್ಳೆ ಬಿಡುತ್ತಿದ್ದಾರೆ. ಗಂಡು ಕಚ್ಚುವುದಿಲ್ಲ. ಅವುಗಳ ಮೈಯಲ್ಲಿ ವೊಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೆ ತಳಿ ಇರುತ್ತದೆ. ಕಾಡಿನ ಹೆಣ್ಣು ಅವುಗಳ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಅಕಿಕಿಕಿಯ ಮೊಟ್ಟೆಗಳನ್ನಂತೂ ಏಣಿ ಹಾಕಿ ಗೂಡಿನಿಂದಲೇ ತಂದು, ಮರಿ ಮಾಡಿಸಿ, ಸೊಳ್ಳೆ ನುಗ್ಗದ ಪಂಜರದಲ್ಲಿ ಸಾಕುತ್ತಿದ್ದಾರೆ.